ಕುಸುಬಿ ಹೂವಿನ ಮಣಿ ಪರ್ಸು

ನವೆಂಬರ್ 4, 2024, ಸೋಮವಾರ. ಕಲಬುರಗಿ

ಬಸ್ಸಿನ ಬಾಗಿಲಿಗೆ ಸಿಕ್ಕಿ ನಜ್ಜಿದ ಬಲಗೈಗೆ ಏಳು ವಾರದಿಂದ ಇದ್ದ ಪಟ್ಟಿ ಬಿಚ್ಚಿದರು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿವೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿವೆ. ಮುಟ್ಟಿದ್ದು ಗೊತ್ತಾಗುವುದಿಲ್ಲ. ಸಾಕು.

ನವೆಂಬರ್ 7, ಗುರುವಾರ

ಮೇಟ್ರನ್ ಸುನಂದಾ ಮೇಡಂ ಕರೆದಿದ್ದರು. ಫೆಬ್ರವರಿ ಎರಡರವರೆಗೆ ರಜೆ. ಮೂರಕ್ಕೆ ಹೋಗಿ ಅವರೆದುರು ಸಲೈನಿನ ಸೂಜಿ ಚುಚ್ಚಿ ಲೈನ್ ಹಾಕಿ ತೋರಿಸಬೇಕು. ಹಾಕಿದರೆ ಮಕ್ಕಳ ವಾರ್ಡು. ಇಲ್ಲವಾದರೆ ಚೀಟಿ ಬರೆಯುವ ಕೌಂಟರು, ನಿವೃತ್ತಿಯವರೆಗೆ.

ಹನ್ನೊಂದು ವರ್ಷ. ಕೂಸಿನ ಕೈಯಲ್ಲಿ ವೇನ್, ಅಂದರೆ ರಕ್ತನಾಳ, ಸಿಗದಿದ್ದರೆ ಡಾಕ್ಟರೂ ‘ಸಂಘಮಿತ್ರಾ ಸಿಸ್ಟರ್‌ನ ಕರೀರಿ’ ಅನ್ನುತ್ತಿದ್ದರು. ಕೈ ನೋಯುತ್ತದೆ, ಎಡಗೈ.

ನವೆಂಬರ್ 13, ಬುಧವಾರ

ಫಿಸಿಯೋಥೆರಪಿಯ ಅಜರ್ ಕಣ್ಣು ಮುಚ್ಚಿಸಿ ಬೆರಳಿಗೆ ಏನೋ ಮುಟ್ಟಿಸಿದರು. ಹತ್ತಿಯೋ ಸೂಜಿಯೋ ಹೇಳಬೇಕಂತೆ. ಎಲ್ಲಕ್ಕೂ ‘ಹತ್ತಿ’ ಅಂದೆ. ಕಣ್ಣು ತೆರೆದರೆ ಬೆರಳ ಮೇಲೆ ಮೂರು ಕಡೆ ಸೂಜಿಯ ಗುರುತು.

“ನರ ಕಡಿದಿಲ್ರಿ ಸಿಸ್ಟರ್, ನಜ್ಜ್ಯಾದ. ಬರ್ತದ. ಆದ್ರ ಬೆರಳಿಗಿ ಸಣ್ಣ ಕೆಲಸ ಕೊಡ್ಬೇಕು. ತೊಗರಿ, ಜೋಳ ಕೂಡಿಸಿ ಒಂದೊಂದೇ ಆರಿಸ್ರಿ.”

“ಎಂದ ಬರ್ತದ?”

“ಅದು ನನ್ನ ಕೈಯಾಗಿಲ್ರಿ.”

ಇದೇ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ. ಹೇಳಿಸಿಕೊಂಡಾಗ ಮೈ ಉರಿಯಿತು.

ಒಂದು ಬಟ್ಟಲು ಕಾಳು ಆರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ನನ್ನ ಗಂಡ ವಿಶ್ವಾಸ ಕಪನೂರಿನ ದಾಲ್‌ಮಿಲ್ಲಿನಲ್ಲಿ ಮೇಲ್ವಿಚಾರಕರು. ಬಂದು ನೋಡಿ, “ನಮ್ಮ ಮಿಲ್ಲಿನಾಗ ಇದಕ್ಕ ಮಷಿನ್ ಅದ, ತಾಸಿಗೆ ಎರಡು ಟನ್” ಅಂದರು. ನಗಿಸಲು ಅಂದದ್ದೇ. ಆದರೂ ಸಂಜೆಯವರೆಗೆ ಮಾತಾಡಿಸಲಿಲ್ಲ. ಬಟನ್ ಹಾಕಿಸಿಕೊಳ್ಳಲು ಅವರೇ ಬೇಕು, ಆದ್ದರಿಂದ ಸಂಜೆ ಮಾತಾಡಿಸಿದೆ.

ನವೆಂಬರ್ 19, ಮಂಗಳವಾರ. ಕಮಲಾಪುರ

ಅವ್ವನ ಬಲಗಣ್ಣಿನ ಪೊರೆ ತೆಗೆಸಿ ಊರಿಗೆ ಕರೆದುಕೊಂಡು ಬಂದೆ. ದಿನಕ್ಕೆ ಆರು ಸಲ ಡ್ರಾಪ್ಸ್. ಬಾಟಲಿ ಒತ್ತಲು ನನ್ನ ಬಲಗೈಗೆ ಆಗುವುದಿಲ್ಲ, ಎಡಗೈಯಲ್ಲಿ ಹಾಕಿದರೆ ಔಷಧಿ ಕಿವಿಗೆ ಹೋಗುತ್ತದೆ. “ಕಿವಿ ಛಲೋ ಅದ, ಕಣ್ಣಿಗಿ ಹಾಕು” ಅನ್ನುತ್ತಾಳೆ ನಮ್ಮವ್ವ ಹಣಮಮ್ಮ.

ಈ ಊರಿನ ಅರ್ಧ ಬಾಗಿಲುಗಳಿಗೆ ಅವ್ವ ಮಾಡಿದ ಮಣಿ ತೋರಣಗಳಿವೆ. ಜನವರಿ ಕೊನೆಗೆ ಭುವನೇಶ್ವರಿ ಟೀಚರ್ ನಿವೃತ್ತರಾಗುತ್ತಾರೆ. ನಾಲ್ಕನೇ ತರಗತಿಯಲ್ಲಿ ನನಗೆ ಲೆಕ್ಕ ಕಲಿಸಿದವರು, ಅಡಿಪಟ್ಟಿಯಲ್ಲಿ ಬೆರಳ ಗೆಣ್ಣಿಗೆ ಹೊಡೆದವರು. ಓಣಿಯ ಹೆಂಗಸರ ಪರವಾಗಿ ಮಣಿ ಪರ್ಸು ಮಾಡಿಕೊಡುತ್ತೇನೆಂದು ಅವ್ವ ಒಪ್ಪಿಕೊಂಡಿದ್ದಾಳೆ. ಒಪ್ಪಿದಾಗ ಕಣ್ಣಿನ ಪೊರೆಯ ವಿಷಯ ಗೊತ್ತಿರಲಿಲ್ಲವಂತೆ.

“ಮಾತು ಕೊಟ್ಟೀನಿ. ನೀ ಮಾಡು.”

“ನನಗ ಬೆರಳಿಲ್ಲವ್ವ.”

“ನನಗ ಕಣ್ಣಿಲ್ಲ. ಇಬ್ಬರೂ ಕೂಡಿದ್ರ ಒಬ್ಬಾಕಿ ಆಗ್ತೀವಿ. ಕಾಳು ಆರಿಸಿದ್ರ ಏನ್ ಸಿಗ್ತದ? ಬ್ಯಾಳಿ ಕುದಿಸ್ಬೇಕು, ಅಷ್ಟೇ.”

ಗಣಿತದ ಚೌಕಳಿ ಪುಟದಲ್ಲಿ ಚಿತ್ರ ಬರೆಸಿದಳು. ಕರಿ ಮಣಿಯ ನೆಲ, ಅದರ ಮೇಲೆ ಹಳದಿ-ಕೇಸರಿ ಕುಸುಬಿ ಹೂವು. ಗೇಣುದ್ದ ಪರ್ಸು. ಒಳಗೆ ಅಸ್ತರ, ಅಂದರೆ ಒಳಬಟ್ಟೆ, ಬೇರೆ ಹೊಲಿದು ಕೂಡಿಸಬೇಕು. ಲೆಕ್ಕ ಹಾಕಿದೆ, ಹೆಚ್ಚುಕಡಿಮೆ ಆರು ಸಾವಿರ ಮಣಿ. ತಲೆ ತಿರುಗಿತು.

ನವೆಂಬರ್ 26, ಮಂಗಳವಾರ

ಒಂದು ವಾರಕ್ಕೆ ಒಂಬತ್ತು ಸಾಲು. ಒಂದು ಮಣಿ ಪೋಣಿಸುವುದು, ಹಿಂದಿನ ಸಾಲಿನ ಒಂದು ಮಣಿ ಬಿಡುವುದು, ಮುಂದಿನದರೊಳಗಿಂದ ಸೂಜಿ ಹಾಯಿಸುವುದು, ಮತ್ತೆ ಹೊಸ ಮಣಿ. ಇಷ್ಟೇ ಕೆಲಸ. ಮಣಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಕಣ್ಣಿನಲ್ಲೇ ನೋಡಬೇಕು. ಸಿಕ್ಕಿದೆ ಅಂದುಕೊಂಡು ಎತ್ತಿದರೆ ಬರಿಗೈ. ನೆಲದ ಮೇಲೆ ಬಿದ್ದ ಮಣಿಯನ್ನು ಅವ್ವ ಬರಿಗಾಲಲ್ಲಿ ಹುಡುಕಿ ಕೊಡುತ್ತಾಳೆ.

“ನೋಡಬ್ಯಾಡ, ಮುಟ್ಟು” ಅನ್ನುತ್ತಾಳೆ ಹತ್ತು ಸಲ.

“ಮುಟ್ಟಿದ್ದು ಗೊತ್ತಾಗಂಗಿಲ್ಲ ಅಂತ ಎಷ್ಟು ಸಲ ಹೇಳ್ಲಿ ನಿನಗ.”

“ಗೊತ್ತಾಗ್ಲಿಲ್ಲಂದ್ರ ಏನಾತು. ಮುಟ್ಟು.”

ಇವಳ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ಹೇಳುವುದು ವಾಸಿ. ಸೂಜಿ ಚುಚ್ಚಿ ಬಿಳಿ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿದ್ದಿತ್ತು. ಚುಚ್ಚಿದ್ದು ಯಾವಾಗ ಎಂದೇ ಗೊತ್ತಿಲ್ಲ. ಅವ್ವ ನೋಡುವ ಮೊದಲೇ ಬಟ್ಟೆ ತೊಳೆದೆ.

ಡಿಸೆಂಬರ್ 3, ಮಂಗಳವಾರ

ಎಲ್ಲ ಹೋಯಿತು.

ಅವ್ವನ ಗೆಳತಿ ಚಂದಮ್ಮ ನೋಡಲು ಬಂದಿದ್ದರು. ಹಿಡಿದು ಎತ್ತಿ ತೋರಿಸಿದೆ, ಹದಿನೆಂಟು ಸಾಲು. ಎತ್ತಿದವಳಿಗೆ ಮೊದಲು ಕೇಳಿಸಿದ್ದು ನೆಲದ ಮೇಲೆ ಮಣಿ ಉದುರುವ ಸದ್ದು. ಒಂದು ಕಡೆಯಿಂದ ಬಿಚ್ಚತೊಡಗಿದ್ದು ನೋಡುನೋಡುವಷ್ಟರಲ್ಲಿ ಅರ್ಧಕ್ಕೆ ಬಂತು. ಕೈಯಲ್ಲಿ ದಾರ ಮಾತ್ರ ಉಳಿಯಿತು.

ಅವ್ವ ದಾರದ ತುದಿ ಹಿಡಿದು, ಆಪರೇಶನ್ ಆದ ಕಣ್ಣಿಗೆ ಹತ್ತಿರ ತಂದು ನೋಡಿದಳು.

“ಬಾಲ ಎಲ್ಲಿ ಬಿಟ್ಟೀದಿ?”

“ಗಂಟು ಹಾಕಿ ಕತ್ತರಿಸೀನಿ.”

“ಎಷ್ಟು ಬಿಟ್ಟು?”

ಜೋಳದ ಕಾಳಿನಷ್ಟು. ಹೊಲಿಗೆ ಹಾಕಿದ ಮೇಲೆ ಡಾಕ್ಟರು ‘ಕಟ್’ ಅಂದಾಗ ಎಷ್ಟು ಬಿಟ್ಟು ಕತ್ತರಿಸುತ್ತೇನೋ ಅಷ್ಟೇ. ಹನ್ನೊಂದು ವರ್ಷದ ಅಭ್ಯಾಸ. ಕೈ ಕೆಟ್ಟರೂ ಅಭ್ಯಾಸ ಕೆಟ್ಟಿಲ್ಲ ಎಂದು ಒಳಗೊಳಗೇ ಹೆಮ್ಮೆಯಿಂದ ಕತ್ತರಿಸಿದ್ದೆ, ಏಳು ಕಡೆ. ಮಣಿಯ ದಾರ ನೈಲಾನು, ಜಾರುತ್ತದೆ. ಚೋಟುದ್ದ ಬಾಲ ಬಿಟ್ಟು ಅದನ್ನು ಹಿಂದಿನ ಸಾಲುಗಳ ಮಣಿಯೊಳಗೆ ಎರಡು ಸಲ ಓಡಾಡಿಸಬೇಕಂತೆ. ಆಗಲೇ ಕಚ್ಚಿಕೊಳ್ಳುವುದಂತೆ.

“ಆಸ್ಪತ್ರಿ ಗಂಟು ಹಾಕೀದಲ್ಲ ನನ್ನವ್ವ. ಇದೇನು ಎಂಟು ದಿನಕ್ಕ ಬಿಚ್ಚೂ ಹೊಲಿಗೇನು” ಅಂದಳು. ಚಂದಮ್ಮ ನಕ್ಕರು. ನಾನು ಎದ್ದು ಹೊರಗೆ ಹೋದೆ.

ಚೀಟಿ ಕೌಂಟರಿನಲ್ಲಿ ಕೂತಿದ್ದೇನೆ, ಹೆಸರೇನು, ವಯಸ್ಸೆಷ್ಟು, ಯಾವ ಊರು ಎಂದು ಕೇಳುತ್ತಿದ್ದೇನೆ. ಅದೇ ಕಣ್ಣ ಮುಂದೆ ಬರುತ್ತಿದೆ. ಅದೇನು ಕೆಟ್ಟ ಕೆಲಸವಲ್ಲ. ಆದರೆ ನನ್ನದಲ್ಲ. ಒಳಗೆ ಕೂಸು ಕಿರುಚುವುದು ಕೇಳಿಸುತ್ತಿರುತ್ತದೆ, ನಾನು ಎದ್ದು ಹೋಗುವ ಹಾಗಿರುವುದಿಲ್ಲ.

ಡಿಸೆಂಬರ್ 4, ಬುಧವಾರ

ಮುಟ್ಟಲಿಲ್ಲ.

ಡಿಸೆಂಬರ್ 11, ಬುಧವಾರ

ಹೋದ ಶುಕ್ರವಾರ ಮೊದಲಿನಿಂದ ಶುರು ಮಾಡಿದೆ. ಅವ್ವ ಎರಡು ದಿನ ಕೂತು ಬಿದ್ದ ಮಣಿಯನ್ನೆಲ್ಲ ಗುಡಿಸಿ, ಬಣ್ಣಬಣ್ಣ ಬೇರೆ ಮಾಡಿ ನನ್ನ ಹಾಸಿಗೆಯ ಪಕ್ಕ ಮೂರು ಬಟ್ಟಲಿನಲ್ಲಿ ಇಟ್ಟಿದ್ದಳು. ಬೈದಿದ್ದರೆ ಬಸ್ಸು ಹತ್ತಿ ಕಲಬುರಗಿಗೆ ಹೋಗುತ್ತಿದ್ದೆ.

ಇಂದಿಗೆ ಹನ್ನೆರಡು ಸಾಲು. ಬಾಲ ಓಡಾಡಿಸುವುದು ಕಲಿತೆ. ಮಣಿಯೊಳಗೆ ಆಗಲೇ ಮೂರು ದಾರ ಇರುತ್ತವೆ, ಸೂಜಿ ತೂರಬೇಕಾದರೆ ಎಷ್ಟು ಒತ್ತಬೇಕು ಎಂಬ ಅಂದಾಜು ಬೇಕು. ಹೆಚ್ಚು ಒತ್ತಿದರೆ ಮಣಿ ಒಡೆಯುತ್ತದೆ. ನಿನ್ನೆ ನಾಲ್ಕು ಒಡೆದೆ, ಇವತ್ತು ಒಂದು.

ಇದನ್ನು ಬರೆಯುತ್ತಿರುವಾಗ ಅವ್ವ ಪಕ್ಕದಲ್ಲಿ ಬಂದು ನಿಂತಳು. “ಯಾವ ಕೈಲೆ ಬರೀಲಾಕತ್ತೀದಿ?” ಅಂದಳು. ನೋಡಿದರೆ ಬಲಗೈ. ಯಾವತ್ತಿನಿಂದಲೋ ಗೊತ್ತಿಲ್ಲ. ಪೆನ್ನು ಹಿಡಿಯುವುದೇನು ದೊಡ್ಡದು, ದಪ್ಪ ವಸ್ತು, ಜಾರುವುದಿಲ್ಲ. ಕೂಸಿನ ವೇನ್ ಹುಡುಕುವುದಕ್ಕೂ ಇದಕ್ಕೂ ಅಜಗಜಾಂತರ. ಹಾಗೆಂದು ಹೇಳಿದೆ. “ಹಂಗೇ ಆಗ್ಲಿ” ಅಂದು ಒಲೆ ಕಡೆ ಹೋದಳು.

ಡಿಸೆಂಬರ್ 20, ಶುಕ್ರವಾರ

ಕೆಟ್ಟ ದಿನ. ಈ ಹಾಳು ಸೂಜಿ ಎರಡು ಸಲ ಚುಚ್ಚಿತು, ತೋರುಬೆರಳಿನ ತುದಿಗೇ. ಎಷ್ಟು ಉರಿಯಿತೆಂದರೆ ಕೈ ಝಾಡಿಸಿದೆ, ಹಳದಿ ಮಣಿಯ ಬಟ್ಟಲು ಉರುಳಿತು. ಆರಿಸುವುದರಲ್ಲೇ ಬೆಳಗು ಹೋಯಿತು. ಈ ಸೂಜಿಗೆ ಮೊನೆ ಜಾಸ್ತಿ. ಮಣಿ ಕೆಲಸಕ್ಕೆ ಮೊಂಡು ಸೂಜಿಯೇ ಬೇಕು. ಕಲಬುರಗಿಗೆ ಹೋದಾಗ ಬೇರೆ ತರಬೇಕು.

ಅವ್ವನ ಮೇಲೂ ಸಿಟ್ಟು. ಆಪರೇಶನ್ ಆಗಿ ಐದು ವಾರ. ಕಣ್ಣು ಕನ್ನಡಿ ಹಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಆಚೆ ಗೋಡೆಯ ಮೇಲಿನ ಹಲ್ಲಿಯ ಬಾಲ ತುಂಡಾಗಿದ್ದು ಇವಳಿಗೆ ಕಾಣುತ್ತದೆ. ನಾಲ್ಕು ಸಾಲು ನೀನೂ ಹಾಕು ಅಂದರೆ, “ನನಗ ಇನ್ನೂ ಮಬ್ಬು ಮಬ್ಬು ಕಾಣ್ತದ” ಅನ್ನುತ್ತಾಳೆ. ಸೋಮಾರಿತನಕ್ಕೂ ಒಂದು ಮಿತಿ ಬೇಡವೇ.

ಡಿಸೆಂಬರ್ 30, ಸೋಮವಾರ

ಎಳ್ಳ ಅಮಾವಾಸ್ಯೆ. ಚಂದಮ್ಮ ಅವರ ಹೊಲಕ್ಕೆ ಊಟಕ್ಕೆ ಕರೆದಿದ್ದರು. ವಿಶ್ವಾಸರೂ ಬಂದರು. ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಭಜ್ಜಿ ಬಿಸಿ ಇತ್ತು, ಬೆರಳು ಸುಟ್ಟುಕೊಂಡು ತಿಂದೆ. ಕುಸುಬಿಗೆ ಇನ್ನೂ ಹೂವಿಲ್ಲ, ಬರೀ ಮುಳ್ಳೆಲೆ. ಪರ್ಸಿನ ಹೂವಿನ ಕೇಸರಿ ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದರೆ ಆಗಲಿಲ್ಲ.

“ಈ ಸಲ ಜಗಳ ಕಮ್ಮಿ ಮಾಡ್ಲಾಕತ್ತೀದಿ” ಎಂದು ವಿಶ್ವಾಸ ಅಂದರು. ಜಗಳಕ್ಕೆ ಪುರುಸೊತ್ತೆಲ್ಲಿ. ಇನ್ನೂ ಮೂವತ್ತು ಸಾಲು ಇದೆ.

ಜನವರಿ 6, 2025, ಸೋಮವಾರ. ಕಲಬುರಗಿ

ಕರಿ ಮಣಿ ಮುಗಿದಿತ್ತು. ಸ್ಟೇಶನ್ ಬಜಾರಿನ ಕರೀಂಸಾಬ್ ಅಂಗಡಿಗೆ ಹೋದೆ. ಅವ್ವ ಮೂವತ್ತು ವರ್ಷದಿಂದ ಅಲ್ಲೇ ತರುವುದು. ಮುದುಕ ಡಬ್ಬಿ ಮುಂದಿಟ್ಟರು. ಕೈ ಹಾಕಿ ಆಡಿಸಿದೆ. ಮೋಸ.

“ಸಾಬ್, ಇದ್ರಾಗ ಎರಡು ನಂಬರ್ ಬೆರಕಿ ಆಗ್ಯಾವ್ರಿ.”

“ಇಲ್ರಿ ಬೆಹೆನ್‌ಜಿ. ಖರೇ ಹೇಳ್ತೀನಿ, ಒಂದೇ ನಂಬರ್. ನೋಡ್ರಿ ಬೇಕಾದ್ರ.”

ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ, ಅದಕ್ಕೇ ಅವರು ಅಷ್ಟು ಧೈರ್ಯವಾಗಿ ಹೇಳುವುದು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಐದು ಮಣಿ ತೆಗೆದು ಬೇರೆ ಇಟ್ಟೆ. ಅವರು ಸೂಜಿಗೆ ಪೋಣಿಸಿ ಅಳೆದರು. ಐದೂ ಒಂದು ಕೂದಲೆಳೆ ದಪ್ಪ.

“ತೌಬಾ. ಕಣ್ಣಿಗಿ ಕಾಣದ್ದು ನಿಮಗ ಹ್ಯಾಂಗ ಗೊತ್ತಾಯ್ತು?”

“ನಿಮ್ಮ ಹುಡುಗರಿಗಿ ಹೇಳ್ರಿ, ಡಬ್ಬಿ ತುಂಬೂ ಮುಂದ ಜರಾ ಲಕ್ಷ್ಯ ಇಡ್ಲಿ ಅಂತ” ಎಂದು ಜೋರು ಮಾಡಿ, ಬೇರೆ ಡಬ್ಬಿ ತೆಗೆಸಿಕೊಂಡು ಬಂದೆ. ದಪ್ಪ ಮಣಿ ನಡುವೆ ಬಂದರೆ ಸಾಲು ಉಬ್ಬುತ್ತದೆ. ಟೀಚರ್ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಮೊಂಡು ಸೂಜಿ ತರಲು ಮರೆತೆ.

ಜನವರಿ 15, ಬುಧವಾರ. ಕಮಲಾಪುರ

ಮಣಿ ಕೆಲಸ ಮುಗಿಯಿತು. ಈಗ ಅಸ್ತರ. ಅವ್ವನ ಹಳೆಯ ಇಳಕಲ್ ಸೀರೆಯ ಗಟ್ಟಿ ಭಾಗ ಕತ್ತರಿಸಿ ಚೀಲ ಹೊಲಿದೆ. ಪರ್ಸು ಎಷ್ಟು ಅಳತೆಯೋ ಸರಿಯಾಗಿ ಅಷ್ಟೇ ಅಳತೆ. ಒಳಗೆ ಇಟ್ಟು ಅವ್ವನಿಗೆ ಕೊಟ್ಟೆ. ಕೈ ಒಳಗೆ ಹಾಕಿ ನೋಡಿ ವಾಪಸು ಕೊಟ್ಟಳು.

“ಬಿಚ್ಚು. ಒಂದು ಬೆರಳು ಗಿಡ್ಡ ಮಾಡು.”

“ಅಳತಿ ಬರೋಬ್ಬರಿ ಅದಲ್ಲವ್ವ.”

“ಬರೋಬ್ಬರಿ ಇದ್ರ ಭಾರ ಮಣಿ ಮ್ಯಾಲ ಬೀಳ್ತದ. ಟೀಚರ್ ಕೀಲಿ ಹಾಕ್ತಾರ, ಫೋನ್ ಹಾಕ್ತಾರ, ಆರು ತಿಂಗಳಿಗಿ ದಾರ ಹರೀತದ. ಅಸ್ತರ ಗಿಡ್ಡ ಇದ್ರ ಭಾರೆಲ್ಲ ಬಟ್ಟಿ ಹೊರ್ತದ. ಮಣಿ ಸುಮ್ನ ಮ್ಯಾಲ ಚಂದ ಕುಂತಿರ್ತಾವ.”

ಬಿಚ್ಚಿ ಮತ್ತೆ ಹೊಲಿದೆ. ಬಾಯಿಯ ಸುತ್ತ ಕೈಹೊಲಿಗೆ. ಮಣಿಯ ಕೊನೆಯ ಸಾಲಿಗೂ ಬಟ್ಟೆಗೂ ನಡುವೆ ಸೂಜಿ ಹೋಗಬೇಕು, ಹೊರಗೆ ಕಾಣಬಾರದು. ಚೈನ್ ಕೂಡಿಸಿದ್ದೂ ನಾನೇ. ಅವ್ವನಿಗೆ ಈಗಲೂ ಮಬ್ಬಂತೆ. ಆದರೆ ನನ್ನ ಒಂದು ಹೊಲಿಗೆ ವಾರೆಯಾಗಿದ್ದನ್ನು ಬಾಗಿಲಲ್ಲಿ ನಿಂತೇ ಕಂಡುಹಿಡಿದಳು.

ಜನವರಿ 21, ಮಂಗಳವಾರ. ಕಲಬುರಗಿ

ಅಜರ್ ಪರೀಕ್ಷೆ ಮಾಡಿದರು. ಹೆಬ್ಬೆರಳು ಪೂರ್ತಿ. ತೋರುಬೆರಳು ಪೂರ್ತಿ. ನಡುಬೆರಳು ಅರ್ಧ. ಅವರಿಗೆ ಖುಷಿಯೋ ಖುಷಿ, ಮೇಜು ಕುಟ್ಟಿದರು. ನನಗೆ ನಂಬಿಕೆ ಬರಲಿಲ್ಲ. ಅವರ ಕೋಣೆಯಲ್ಲಿ ಹತ್ತಿ ಮತ್ತು ಸೂಜಿ ಬೇರೆ ಮಾಡುವುದು ಒಂದು. ನೀರಿಲ್ಲದೆ ಬತ್ತಿದ ಕೂಸಿನ ಕೈಯಲ್ಲಿ ವೇನ್ ಹುಡುಕುವುದು ಇನ್ನೊಂದು. ಮಣಿ ಗಟ್ಟಿಯಿರುತ್ತದೆ, ವೇನ್ ಗಟ್ಟಿಯಿರುವುದಿಲ್ಲ. ನಾನು ಗಟ್ಟಿ ವಸ್ತುವನ್ನಷ್ಟೇ ಅಭ್ಯಾಸ ಮಾಡಿದ್ದೇನೆ. ಇದು ತಲೆಗೆ ಬಂದಾಗಿನಿಂದ ಊಟ ಸೇರುತ್ತಿಲ್ಲ.

ವಿಶ್ವಾಸರ ಕೈ ಹಿಡಿದು ಮೊಣಕೈ ಒಳಗೆ ಹುಡುಕುತ್ತೇನೆ. ಅವರ ವೇನ್ ಹಗ್ಗದ ಹಾಗಿದೆ, ಕುರುಡರಿಗೂ ಸಿಗುತ್ತದೆ. ಪ್ರಯೋಜನವಿಲ್ಲ. ಆದರೂ ಪಾಪ, ಟಿ.ವಿ. ನೋಡುತ್ತ ಕೈ ಚಾಚಿಯೇ ಕೂತಿರುತ್ತಾರೆ.

ಜನವರಿ 31, ಶುಕ್ರವಾರ. ಕಮಲಾಪುರ

ಶಾಲೆಯಲ್ಲಿ ಬೀಳ್ಕೊಡುಗೆ. ಭಾಷಣದ ಮೇಲೆ ಭಾಷಣ. ಓಣಿಯ ಹೆಂಗಸರೆಲ್ಲ ಹಿಂದೆ ಕೂತಿದ್ದೆವು. ಚಂದಮ್ಮ ಹೋಗಿ ಪರ್ಸು ಕೊಟ್ಟರು. ಟೀಚರ್ ಕನ್ನಡಕ ಹಾಕಿಕೊಂಡು, ತಿರುಗಿಸಿ, ಚೈನ್ ತೆಗೆದು ಅಸ್ತರ ನೋಡಿದರು.

“ಹಣಮಮ್ಮ, ನಿಮ್ಮ ಕೈಗುಣ ಇನ್ನೂ ಹಂಗೇ ಅದ ನೋಡ್ರಿ.”

ಅವ್ವ ಎದ್ದು ನಿಂತು, ನನ್ನ ಭುಜ ಹಿಡಿದು ಎಬ್ಬಿಸಿದಳು. “ನಾ ಒಂದು ಮಣೀನೂ ಮುಟ್ಟಿಲ್ರಿ. ಈಕಿ ಮಾಡ್ಯಾಳ.”

ಟೀಚರ್ ನನ್ನ ಕಡೆ ನೋಡಿದರು. ನನ್ನ ಕೈಯ ಸುದ್ದಿ ಊರಿಗೆಲ್ಲ ಗೊತ್ತು. ಬಂದು ನನ್ನ ಬಲಗೈ ಹಿಡಿದುಕೊಂಡರು. ಅವರ ಅಂಗೈ ಬೆಚ್ಚಗಿತ್ತು, ಸೀಮೆಸುಣ್ಣದ ಪುಡಿ ಹತ್ತಿ ಒರಟಾಗಿತ್ತು.

ಫೆಬ್ರವರಿ 2, ಭಾನುವಾರ. ಕಲಬುರಗಿ

ನಾಳೆ. ಸಮವಸ್ತ್ರ ಇಸ್ತ್ರಿ ಮಾಡಿದೆ. ಹೆದರಿಕೆಯಾಗುತ್ತಿದೆ. ಬೇರೆ ಏನು ಬರೆಯಲಿ.

ಫೆಬ್ರವರಿ 3, ಸೋಮವಾರ

ಎಲ್ಲವನ್ನೂ ಬರೆಯಬೇಕು, ಬಿಡಬಾರದು.

ಎಂಟಕ್ಕೆ ಹೋದೆ. ಮೇಟ್ರನ್ ಮೇಡಂ ಡ್ಯೂಟಿ ಕೋಣೆಗೆ ಕರೆದು ಬಾಗಿಲು ಹಾಕಿದರು. ತಾವೇ ಕುರ್ಚಿಯಲ್ಲಿ ಕೂತು ತೋಳು ಮೇಲೆ ಮಾಡಿ ಮೇಜಿನ ಮೇಲೆ ಚಾಚಿದರು.

“ಕೂಸಿನ ಮ್ಯಾಲ ಪರೀಕ್ಷಾ ಮಾಡಂಗಿಲ್ಲ. ಮೊದಲ ನನಗ ಹಾಕು.”

ಅವರದು ತುಂಬಿದ ಕೈ. ರಕ್ತದ ಪರೀಕ್ಷೆಗೆಂದು ಲ್ಯಾಬಿಗೆ ಹೋದರೆ ಅಲ್ಲಿನವರು ಒಬ್ಬರನ್ನೊಬ್ಬರು ಮುಂದೆ ದೂಡುತ್ತಾರೆ, ಕಣ್ಣಿಗೆ ಒಂದು ವೇನ್ ಕಾಣುವುದಿಲ್ಲ. ಪಟ್ಟಿ ಬಿಗಿದು ತೋರುಬೆರಳು ಇಟ್ಟೆ. ಏನೂ ಇಲ್ಲ. ಮತ್ತೆ ಇಟ್ಟೆ. ಏನೂ ಇಲ್ಲ. ಕಣ್ಣಿಂದ ಹುಡುಕುತ್ತಿದ್ದೇನೆ ಎಂದು ಆಗ ಗೊತ್ತಾಯಿತು. ಮುಖ ಗೋಡೆಯ ಕಡೆ ತಿರುಗಿಸಿಕೊಂಡೆ. ಆಳದಲ್ಲಿ, ಒತ್ತಿದರೆ ತಗ್ಗಿ ಮತ್ತೆ ಏಳುವ ಒಂದು ಮೆತ್ತನೆಯ ಎಳೆ ಬೆರಳ ಕೆಳಗೆ ಜಾರಿತು. ಬಿಡಲಿಲ್ಲ. ಸೂಜಿ ಹಾಕಿದೆ. ರಕ್ತ ಬಂತು.

ಮೇಡಂ ಹತ್ತಿ ಒತ್ತಿಕೊಂಡು ಎದ್ದರು. ‘ಶಾಬಾಸ್’ ಅನ್ನಬಹುದು ಅಂದುಕೊಂಡೆ.

“ಎರಡನೇ ಬೆಡ್ಡಿನ ಕೂಸಿಗಿ ಮುಂಜಾನಿಂದ ಲೈನ್ ಸಿಕ್ಕಿಲ್ಲ. ಇಬ್ಬರು ಪ್ರಯತ್ನ ಮಾಡ್ಯಾರ. ನಡಿ.”

ಏಳು ತಿಂಗಳ ಕೂಸು, ವಾಂತಿ ಭೇದಿ. ತುಟಿ ಒಣಗಿತ್ತು. ತಾಯಿ ನನ್ನನ್ನು ನೋಡಿ ಕೂಸನ್ನು ಎದೆಗೆ ಒತ್ತಿಕೊಂಡಳು. “ಸಾಕ್ರಿ ಅಕ್ಕೋರ, ಇನ್ನ ಚುಚ್ಚಬ್ಯಾಡ್ರಿ” ಅಂದಳು. ಹೆಸರು ಕೇಳಿದೆ. ಅಂಜನಾ ಅಂದಳು, ಕೂಸಿನದೋ ತನ್ನದೋ ತಿಳಿಯಲಿಲ್ಲ. “ಒಂದೇ ಸಲ. ಸಿಗಲಿಲ್ಲಂದ್ರ ನಾನೇ ಬ್ಯಾರೆಯವರಿಗಿ ಕರೀತೀನಿ” ಎಂದೆ. ಹಿಂದೆ ಯಾರಿಗೂ ಹೀಗೆ ಹೇಳಿದವಳಲ್ಲ.

ಮುಂಗೈಯಲ್ಲಿ ಇಲ್ಲ. ಮಣಿಕಟ್ಟಿನಲ್ಲಿ ಇಲ್ಲ. ಪಾದದ ಮೇಲೆ ಬೆರಳು ಆಡಿಸಿದೆ, ಹೆಬ್ಬೆರಳಿನಿಂದ ಮೇಲಕ್ಕೆ. ಅಲ್ಲಿತ್ತು. ದಾರದಷ್ಟು ಸಣ್ಣದು. ಕೂಸು ಕಾಲು ಎಳೆಯುತ್ತಿತ್ತು, ನನ್ನ ಕೈ ಅಲುಗಲಿಲ್ಲ. ಒಂದೇ ಸಲಕ್ಕೆ ಹೋಯಿತು. ಟೇಪು ಹಾಕಿದೆ, ಸಲೈನ್ ಹನಿಯತೊಡಗಿತು.

ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ದುಃಖಕ್ಕಲ್ಲ. ನಾಲ್ಕೂವರೆ ತಿಂಗಳಿನಿಂದ ಎದೆಯ ಮೇಲೆ ಕೂತಿದ್ದು ಎದ್ದು ಹೋಯಿತು, ಅದಕ್ಕೆ. ಇಷ್ಟು ಹಗುರಾಗಿ ಎಂದು ಉಸಿರಾಡಿದ್ದೆನೋ ನೆನಪಿಲ್ಲ. ಅವ್ವನಿಗೆ ಫೋನ್ ಮಾಡಿದೆ. “ಆತಲ್ಲ, ಊಟ ಮಾಡು” ಅಂದಳು. ಫೋನ್ ಮಾತ್ರ ಇಡಲಿಲ್ಲ. ಅವಳೂ ಅಳುತ್ತಿದ್ದಳು.

ಹೊರಗಿನಿಂದ ಮೇಡಂ ಬಾಗಿಲು ಬಡಿದರು. “ಸಂಘಮಿತ್ರಾ, ಆರನೇ ಬೆಡ್ ಬಾಕಿ ಅದ.”

ಫೆಬ್ರವರಿ 7, ಶುಕ್ರವಾರ

ಇವತ್ತು ಒಂಬತ್ತು ಮಕ್ಕಳು. ಕೈ ನೋಯುತ್ತಿದೆ, ಬಲಗೈ. ನಾಳೆ ಬೆಳಗಿನ ಡ್ಯೂಟಿ. ಸಾಕು.